ಗಾಳಿಗೆ ಬರೋಕೊಂದು ದಾರಿ, ಹೋಗೋಕೊಂದು ದಾರಿ

(ದಕ್ಷಿಣ ಬೆಂಗಳೂರಿನ ಒಂದು ಬಡಾವಣೆಯ ನಿವಾಸಿಗಳ ಸಂಘದಲ್ಲಿ ಭಾನುವಾರ ಬೆಳಗ್ಗೆ ಆಡಿದ ಮಾತುಗಳ ಬರಹ ರೂಪ. ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳು ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ. ತಿಂಡಿ ಮುಗಿಸಿಕೊಂಡು ಬಂದವರಿಗೂ, ಇಲ್ಲಿ ತಿಂಡಿ ಇರುತ್ತದೆ ಅಂತ ಬಂದವರಿಗೂ.

ಗಾಳಿಯ ಗುಣಮಟ್ಟ ತೋರಿಸುವ ಆ್ಯಪ್ ಎಷ್ಟು ಜನರ ಮೊಬೈಲಿನಲ್ಲಿದೆ? ಪರವಾಗಿಲ್ಲ, ಸುಮಾರು ಕೈ ಎದ್ದಿವೆ. ಆ ಆ್ಯಪ್‌ನಲ್ಲಿ ಬರುವ ಅಂಕಿ ಸಿಲ್ಕ್ ಬೋರ್ಡ್‌ನದು, ಹೆಬ್ಬಾಳದ್ದು, ಪೀಣ್ಯದ್ದು, ಜಯನಗರದ್ದು. ಮಾಲಿನ್ಯ ನಿಯಂತ್ರಣ ಮಂಡಳಿಯವರು ಅಲ್ಲೆಲ್ಲ ಯಂತ್ರ ಇಟ್ಟಿದ್ದಾರೆ. ನಿಮ್ಮ ಅಡುಗೆಮನೆಯಲ್ಲಿ ಇಟ್ಟಿಲ್ಲ. ಬೆಳಗ್ಗೆ ಒಗ್ಗರಣೆ ಹಾಕುವಾಗ, ರಾತ್ರಿ ಬಾಗಿಲು ಜಡಿದು ಎಸಿ ಹಾಕಿಕೊಂಡು ಮಲಗಿದಾಗ ನೀವು ಏನು ಉಸಿರಾಡುತ್ತಿದ್ದೀರಿ ಅನ್ನೋದು ಯಾವ ಆ್ಯಪ್‌ಗೂ ಗೊತ್ತಿಲ್ಲ.

ಮನೆಗಳಿಗೆ ಗಾಳಿ ಬೆಳಕು ಸರಿಯಾಗಿ ಬರುವ ಹಾಗೆ ನಕ್ಷೆ ತಿದ್ದಿಕೊಡೋದು ನನ್ನ ಕೆಲಸ. ಚೀಲದಲ್ಲಿ ಒಂದು ಸಣ್ಣ ಮೀಟರ್ ಇರುತ್ತದೆ. ಹೋದ ಮನೆಯಲ್ಲೆಲ್ಲ ಅದನ್ನು ಆನ್ ಮಾಡಿ ಟೇಬಲ್ ಮೇಲೆ ಇಡುತ್ತೇನೆ. ಅದು ಅಳೆಯೋದು ಪಿಎಂ 2.5 ಅನ್ನುವ ಕಣಗಳನ್ನು. ಅಂದರೆ 2.5 ಮೈಕ್ರಾನ್‌ಗಿಂತ ಚಿಕ್ಕ ಕಣ. ತಲೆಗೂದಲಿನ ದಪ್ಪ ಸುಮಾರು 50ರಿಂದ 70 ಮೈಕ್ರಾನ್ ಇರುತ್ತದೆ, ಅದರ ಎದುರು ಇದು ಏನೂ ಅಲ್ಲ. ಏನೂ ಅಲ್ಲದಿರುವುದೇ ತೊಂದರೆ. ಮೂಗಿನ ಕೂದಲು, ಗಂಟಲಿನ ಕಫ ಎಲ್ಲವನ್ನೂ ದಾಟಿ ಶ್ವಾಸಕೋಶದ ತಳಕ್ಕೆ ಹೋಗಿ ಕೂರುತ್ತದೆ. ಒಂದು ಘನ ಮೀಟರ್ ಗಾಳಿಯಲ್ಲಿ ಇಂಥ ಕಣ ವರ್ಷದ ಸರಾಸರಿ 5 ಮೈಕ್ರೊಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ನಮ್ಮ ದೇಶದ ಮಿತಿ 40. ಬೆಂಗಳೂರು ದೆಹಲಿಯಷ್ಟು ಕೆಟ್ಟಿಲ್ಲ, ನಿಜ. ಆದರೆ ಆ 5ರ ಹತ್ತಿರಕ್ಕೂ ನಾವು ಸುಳಿಯುವುದಿಲ್ಲ.

ಎಷ್ಟೋ ಮನೆಗಳಲ್ಲಿ ಈ ಮೀಟರಿನ ಅಂಕಿ ಎಲ್ಲಕ್ಕಿಂತ ಮೇಲೆ ಹೋಗೋದು ಲಾರಿ ಓಡಾಡುವ ಹೊತ್ತಿನಲ್ಲಲ್ಲ, ಅಡುಗೆಯ ಹೊತ್ತಿನಲ್ಲಿ. ಒಣಮೆಣಸಿನಕಾಯಿ ಹುರಿಯುವಾಗ ಘಾಟು ಹಾಲ್‌ನಲ್ಲಿ ಪೇಪರ್ ಓದುತ್ತಿರುವ ಯಜಮಾನರವರೆಗೂ ಹೋಗಿ ಅವರು ಕೆಮ್ಮುತ್ತಾರಲ್ಲ, ಆ ಕೆಮ್ಮೇ ಒಂದು ಮೀಟರ್. ಘಾಟು ಹಾಲ್‌ಗೆ ಬಂತು ಅಂದರೆ ಎಣ್ಣೆ ಹೊಗೆಯ ಕಣಗಳೂ ಅದೇ ದಾರಿಯಲ್ಲಿ ಬಂದಿವೆ. ಘಾಟು ಹತ್ತು ನಿಮಿಷಕ್ಕೆ ಹೋಗುತ್ತದೆ, ಕಣ ಅಷ್ಟು ಬೇಗ ಹೋಗುವುದಿಲ್ಲ.

ಸ್ವಲ್ಪ ಹಿಂದಕ್ಕೆ ಹೋಗೋಣ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟು ಓಣಿಗಳಲ್ಲಿ ಜನ ಸತ್ತರು. ಅದಾದ ಮೇಲೆ ಬೆಳೆದ ಬಡಾವಣೆಗಳೇ ಬಸವನಗುಡಿ, ಮಲ್ಲೇಶ್ವರ. ಅಗಲವಾದ ರಸ್ತೆ, ಮನೆ ಸುತ್ತ ಜಾಗ, ಹಿತ್ತಿಲ ಹಿಂದೆ ಕಸ, ಮಲ ಸಾಗಿಸಲು ಬಿಟ್ಟ ಕನ್ಸರ್ವೆನ್ಸಿ ಗಲ್ಲಿ. ಗಾಳಿ ಬೆಳಕು ಇದ್ದರೆ ಕಾಯಿಲೆ ಕಡಿಮೆ ಅನ್ನುವ ಲೆಕ್ಕ ಆ ನಕ್ಷೆಯಲ್ಲೇ ಇತ್ತು. ಅಲ್ಲಿನ ಹಳೇ ಮನೆ ಒಂದಾದರೂ ಉಳಿದಿದ್ದರೆ ಒಳಗೆ ಹೋಗಿ ನೋಡಿ. ಗೋಡೆಯ ಮೇಲ್ಭಾಗದಲ್ಲಿ, ಸೂರಿನ ಹತ್ತಿರ, ಹಗ್ಗ ಎಳೆದರೆ ತೆರೆದುಕೊಳ್ಳುವ ವೆಂಟಿಲೇಟರ್ ಇರುತ್ತದೆ. ಅಡುಗೆಮನೆಯ ಮೇಲೆ ಬೆಳಕಿಂಡಿ ಇರುತ್ತದೆ. ಬಿಸಿ ಗಾಳಿ ಮೇಲಕ್ಕೇರುತ್ತದೆ, ಅಲ್ಲಿಂದ ಹೊರಗೆ ಹೋಗುತ್ತದೆ. ಕೆಳಗಿನ ಕಿಟಕಿಯಿಂದ ಹೊಸದು ಬರುತ್ತದೆ. ಕರೆಂಟ್ ಬೇಡ, ಸ್ವಿಚ್ ಬೇಡ.

ಈಗ ನಮ್ಮ ಮನೆ ನೋಡಿ. ಮೂವತ್ತು ನಲವತ್ತರ ಸೈಟು. ಸುತ್ತ ಖಾಲಿ ಜಾಗ, ಅಂದರೆ ಸೆಟ್‌ಬ್ಯಾಕ್, ಬಿಟ್ಟರೆ ಒಂದು ರೂಮು ಹೋಗುತ್ತದೆ ಅಂತ ಕಾಂಪೌಂಡಿನವರೆಗೂ ಕಟ್ಟಿದ್ದೇವೆ. ಕಿಟಕಿ ತೆಗೆದರೆ ಪಕ್ಕದವರ ಗೋಡೆ ಕೈಗೆ ಸಿಗುತ್ತದೆ, ಅವರ ಕುಕ್ಕರ್ ಎಷ್ಟು ಸೀಟಿ ಹೊಡೆಯಿತು ಅಂತ ನಾವು ಎಣಿಸಬಹುದು. ವೆಂಟಿಲೇಟರ್ ಇದ್ದ ಜಾಗದಲ್ಲಿ ಈಗ ಲಾಫ್ಟ್, ಲಾಫ್ಟ್ ತುಂಬ ಹಳೇ ಸೂಟ್‌ಕೇಸು. ಫ್ಲ್ಯಾಟ್‌ಗಳ ಕಥೆ ಇನ್ನೊಂದು. ಎಲ್ಲ ಕಿಟಕಿಯೂ ಒಂದೇ ಮುಖಕ್ಕೆ, ಹಿಂದೆ ಕಾರಿಡಾರ್. ಒಂದು ಕಿಟಕಿ ತೆಗೆದು, ಗಾಳಿನೇ ಆಡಲ್ಲ ಅಂತ ಬೈದುಕೊಳ್ಳುತ್ತೇವೆ.

ಗಾಳಿ ಆಡಬೇಕಾದರೆ ಎರಡು ದಾರಿ ಬೇಕು. ಎಣ್ಣೆ ಡಬ್ಬಕ್ಕೆ ನಾವು ಒಂದೇ ತೂತು ಮಾಡಲ್ಲ ಅಲ್ವಾ? ಒಂದೇ ಮಾಡಿದರೆ ಗುಳು ಗುಳು ಅಂತ ನಿಂತು ನಿಂತು ಬೀಳುತ್ತದೆ. ಎದುರು ಮೂಲೆಯಲ್ಲಿ ಇನ್ನೊಂದು ತೂತು ಹೊಡೆದ ತಕ್ಷಣ ಧಾರೆ ಸರಾಗ. ಮನೆಗೂ ಎದುರು ಮೂಲೆಯ ಆ ಎರಡನೇ ತೂತು ಬೇಕು. ಇವತ್ತಿನ ನನ್ನ ಮಾತೆಲ್ಲ ಇಷ್ಟೇ, ಉಳಿದಿದ್ದು ವಿವರ.

ಅಡುಗೆಮನೆಯ ವಿವರ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಅಲ್ಲೇ ಕೆಲಸ ಜಾಸ್ತಿ ಕೆಡೋದು. ಎಗ್ಸಾಸ್ಟ್ ಫ್ಯಾನ್ ಎಲ್ಲರ ಮನೆಯಲ್ಲೂ ಇದೆ. ತಿರುಗುತ್ತದೆ, ಸದ್ದೂ ಮಾಡುತ್ತದೆ. ಎಳೆಯುತ್ತದೆಯೋ ಇಲ್ಲವೋ ಅಂತ ನೋಡಿದವರು ಯಾರು? ಮನೆಗೆ ಹೋಗಿ ಒಂದು ತೆಳು ಟಿಶ್ಯೂ ಪೇಪರ್ ಫ್ಯಾನಿನ ಜಾಲರಿಗೆ ಹಿಡಿದು ಕೈ ಬಿಡಿ. ಅಂಟಿಕೊಂಡರೆ ಸರಿ. ಬಿದ್ದರೆ ಫ್ಯಾನ್ ಸುಮ್ನೆ ಸುತ್ತುತ್ತಿದೆ. ಬಿದ್ದ ಮನೆಗಳಲ್ಲಿ ಕಾರಣ ಸಾಮಾನ್ಯವಾಗಿ ಎರಡೇ. ಒಂದು, ರೆಕ್ಕೆಯ ಮೇಲೆ, ಜಾಲರಿಯ ಮೇಲೆ ವರ್ಷಗಳ ಜಿಡ್ಡು. ಕಂದು ಬಣ್ಣದ ಅಂಟು, ಅದರ ಮೇಲೆ ಧೂಳು, ಉಗುರಿನಲ್ಲಿ ಕೆರೆದರೆ ಸುರುಳಿಯಾಗಿ ಬರುತ್ತದೆ. ಬಿಸಿನೀರು, ಸೋಪಿನಪುಡಿ ಹಾಕಿ ಉಜ್ಜಿದರೆ ಹೋಗುತ್ತದೆ. ಮೊದಲು ಮೇನ್ ಆಫ್ ಮಾಡಿ. ಇನ್ನೊಂದು ಕಾರಣ, ಮನೆಯ ಬಾಕಿ ಕಿಟಕಿಗಳೆಲ್ಲ ಬಂದ್. ಒಳಗೆ ಗಾಳಿ ಬರಲು ದಾರಿ ಇಲ್ಲದಿದ್ದರೆ ಫ್ಯಾನ್ ಏನನ್ನು ಹೊರಗೆ ಹಾಕುತ್ತದೆ?

ಇಲ್ಲಿ ಬಹಳ ಜನ ಒಂದು ಕೆಲಸ ಮಾಡುತ್ತಾರೆ. ಹೊಗೆ ಜಾಸ್ತಿ ಆಯ್ತು ಅಂತ ಫ್ಯಾನಿನ ಪಕ್ಕದ ಕಿಟಕಿಯನ್ನೇ ತೆಗೆಯುತ್ತಾರೆ. ಆಗ ಆ ಕಿಟಕಿಯಿಂದ ಬಂದ ಗಾಳಿ ಅಲ್ಲೇ ಸುತ್ತಿ ಫ್ಯಾನಿನಿಂದ ಹೊರಗೆ ಹೋಗುತ್ತದೆ. ಒಲೆಯ ಮೇಲಿನ ಹೊಗೆ ಹಾಗೇ ನಿಂತಿರುತ್ತದೆ. ಫ್ಯಾನ್ ಓಡುವಾಗ ಹತ್ತಿರದ ಕಿಟಕಿ ಮುಚ್ಚಿ, ದೂರದ ಕಿಟಕಿ ತೆಗೆಯಿರಿ. ಹಾಲ್‌ನದೋ, ಆ ಕಡೆಯ ರೂಮಿನದೋ. ಆಗ ಗಾಳಿ ಇಡೀ ಮನೆ ಹಾದು, ಒಲೆಯನ್ನು ದಾಟಿ ಹೋಗುತ್ತದೆ. ಘಾಟು ಹಾಲ್‌ಗೆ ಬರುವ ಬದಲು ಹಾಲ್‌ನ ಗಾಳಿ ಅಡುಗೆಮನೆಗೆ ಹೋಗುತ್ತದೆ. ಒಂದು ಪೈಸೆ ಖರ್ಚಿಲ್ಲ.

ಚಿಮಣಿ ಇರುವವರಿಗೆ ಒಂದೆರಡು ಮಾತು. ಪೈಪ್ ಇಲ್ಲದ ಚಿಮಣಿ ಹೊಗೆಯನ್ನು ಹೊರಗೆ ಹಾಕುವುದಿಲ್ಲ. ಜಿಡ್ಡನ್ನು ಒಂದಿಷ್ಟು ಹಿಡಿದು ಉಳಿದದ್ದನ್ನು ವಾಪಸ್ ನಿಮ್ಮ ಮುಖಕ್ಕೇ ಬಿಡುತ್ತದೆ. ಪೈಪ್ ಇದ್ದರೆ ಅದು ಎಲ್ಲಿಗೆ ಹೋಗಿ ನಿಂತಿದೆ ನೋಡಿ. ಎಷ್ಟೋ ಫ್ಲ್ಯಾಟ್‌ಗಳಲ್ಲಿ ಅದು ಯುಟಿಲಿಟಿಯಲ್ಲಿ ಕೊನೆಯಾಗುತ್ತದೆ, ಆ ಯುಟಿಲಿಟಿಗೆ ನಾವು ಗಾಜು ಹಾಕಿಸಿ ಮುಚ್ಚಿಸಿದ್ದೇವೆ. ಅಲ್ಲಿ ಒಣಗಲು ಹಾಕಿದ ಬಟ್ಟೆಗೆಲ್ಲ ಬೆಂಡೆಕಾಯಿ ಪಲ್ಯದ ವಾಸನೆ. ಇನ್ನೊಂದು, ಕರಿಯೋದು, ಹುರಿಯೋದು ಇದ್ದರೆ ಹಿಂದಿನ ಬರ್ನರ್ ಮೇಲೆ ಮಾಡಿ. ಮುಂದಿನ ಬರ್ನರಿನ ಹೊಗೆ ಚಿಮಣಿಯ ಕೈ ತಪ್ಪಿಸಿಕೊಂಡು ಅಡುಗೆ ಮಾಡುವವರ ಮೂಗಿಗೆ ಬರುತ್ತದೆ. ಒಲೆ ಆರಿಸಿದ ಮೇಲೂ ಹತ್ತು ಹದಿನೈದು ನಿಮಿಷ ಚಿಮಣಿ ಓಡಲಿ.

ಸೌದೆ ಒಲೆ ಹೋಯಿತು, ಗ್ಯಾಸ್ ಬಂತು, ಇನ್ನೇನು ಹೊಗೆ ಅಂತ ಕೇಳುತ್ತಾರೆ. ಗ್ಯಾಸ್ ಬಂದಿದ್ದು ದೊಡ್ಡ ಲಾಭವೇ, ಅದರಲ್ಲಿ ಎರಡು ಮಾತಿಲ್ಲ. ಆದರೂ ನೀಲಿ ಉರಿಯ ಬಿಸಿಗೆ ಗಾಳಿಯ ನೈಟ್ರೋಜನ್, ಆಕ್ಸಿಜನ್ ಸೇರಿ ನೈಟ್ರೋಜನ್ ಡೈಆಕ್ಸೈಡ್ ಹುಟ್ಟುತ್ತದೆ. ಉಬ್ಬಸ ಇರುವ ಮಕ್ಕಳಿಗೆ ಅದು ಆಗಿಬರುವುದಿಲ್ಲ. ಹಾಲು ಕಾಯಿಸುವಾಗಲೂ ಫ್ಯಾನ್ ಹಾಕಿ ಅನ್ನೋದು ಅದಕ್ಕೇ. ಉರಿ ಹಳದಿ ಆಗುತ್ತಿದ್ದರೆ, ಪಾತ್ರೆಯ ತಳ ಕಪ್ಪಾಗುತ್ತಿದ್ದರೆ ಬರ್ನರ್ ಕಟ್ಟಿಕೊಂಡಿದೆ, ಬಿಚ್ಚಿ ತೊಳೆಯಿರಿ.

ಈಗ ಸ್ವಲ್ಪ ಮೆತ್ತಗೆ ಹೇಳಬೇಕಾದ ವಿಷಯ. ಊದುಬತ್ತಿ. ಒಂದು ಗ್ರಾಂ ಊದುಬತ್ತಿ ಉರಿದರೆ ಸರಾಸರಿ 45 ಮಿಲಿಗ್ರಾಂಗೂ ಜಾಸ್ತಿ ಕಣ ಬರುತ್ತದೆ, ಒಂದು ಗ್ರಾಂ ಸಿಗರೇಟಿನಿಂದ ಸುಮಾರು 10. ಪೂಜೆ ಬಿಡಿ ಅಂತ ನಾನು ಹೇಳುತ್ತಿಲ್ಲ, ಹೇಳಿದರೆ ನಮ್ಮ ಮನೆಯಲ್ಲೇ ನನಗೆ ಊಟ ಸಿಗಲ್ಲ. ಆದರೆ ದೇವರಮನೆ ಅಂತ ನಾವು ಮೂರಡಿ ಗೂಡು ಮಾಡಿ, ಬಾಗಿಲು ಹಾಕಿ, ಒಳಗೆ ಕಟ್ಟುಗಟ್ಟಲೆ ಹಚ್ಚುತ್ತೇವೆ. ಒಂದು ಹಚ್ಚಿ. ಆರತಿ ಮುಗಿದ ಮೇಲೆ ಆರಿಸಿ, ದೇವರಿಗೆ ಬೇಜಾರಾಗಲ್ಲ. ಸಾಂಬ್ರಾಣಿ ಹಾಕುವ ದಿನ ಕಿಟಕಿ ತೆಗೆದಿಡಿ. ತಲೆಸ್ನಾನ ಮಾಡಿಸಿದ ಕೂಸಿಗೆ ಹೊಗೆ ಹಿಡಿಯೋದನ್ನು ಮಾತ್ರ ಪೂರ್ತಿ ಬಿಟ್ಟುಬಿಡಿ, ಇದರಲ್ಲಿ ನನ್ನದು ರಾಜಿ ಇಲ್ಲ.

ಸೊಳ್ಳೆಬತ್ತಿಯ ಬಗ್ಗೆ ಮೆತ್ತಗೆ ಹೇಳಬೇಕಾಗಿಲ್ಲ. ಚೀನಾ, ಮಲೇಷ್ಯಾದ ಸೊಳ್ಳೆಬತ್ತಿಗಳನ್ನು ಪರೀಕ್ಷಿಸಿ 2003ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಒಂದು ಸುರುಳಿ ಪೂರ್ತಿ ಉರಿದರೆ ಹೊರಬರುವ ಪಿಎಂ 2.5 ತೂಕ 75ರಿಂದ 137 ಸಿಗರೇಟಿನಷ್ಟು ಅಂತ ಅದರಲ್ಲಿದೆ. ಅದನ್ನು ನಾವು ಮಕ್ಕಳ ಮಂಚದ ಕೆಳಗೆ ಹಚ್ಚಿ, ಬಾಗಿಲು ಮುಚ್ಚುತ್ತೇವೆ. ಸೊಳ್ಳೆ ಪರದೆ ಕಟ್ಟಿ. ಕಿಟಕಿಗೆ ಮೆಶ್ ಹಾಕಿಸಿದ್ದರೆ ಅದನ್ನು ಆಗಾಗ ತೊಳೆಯಿರಿ. ಧೂಳು ಕಟ್ಟಿ ಬೂದಿ ಬಣ್ಣಕ್ಕೆ ತಿರುಗಿದ ಮೆಶ್ ಸೊಳ್ಳೆಯ ಜೊತೆ ಗಾಳಿಯನ್ನೂ ತಡೆಯುತ್ತದೆ.

ಮಲಗುವ ಕೋಣೆಗೆ ಬರೋಣ. ಹತ್ತು ಹನ್ನೆರಡರ ಕೋಣೆ, ಹತ್ತಡಿ ಎತ್ತರ. 1200 ಘನ ಅಡಿ, ಅಂದರೆ ಸುಮಾರು 34 ಘನ ಮೀಟರ್ ಗಾಳಿ. ಮಲಗಿರುವ ಒಬ್ಬ ದೊಡ್ಡವರು ಗಂಟೆಗೆ ಸುಮಾರು 12, 13 ಲೀಟರ್ ಕಾರ್ಬನ್ ಡೈಆಕ್ಸೈಡ್ ಬಿಡುತ್ತಾರೆ. ಇಬ್ಬರು ಮಲಗಿ, ಗಾಳಿ ಎಲ್ಲೂ ಸೋರದಿದ್ದರೆ ಗಂಟೆಗೆ 700 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ 700 ಪಾಲು, ಏರಬೇಕು. ಹೊರಗಿನ ಗಾಳಿಯಲ್ಲಿರೋದು 420 ಚಿಲ್ಲರೆ. ಬಾಗಿಲ ಸಂದಿಯಲ್ಲಿ ಒಂದಿಷ್ಟು ಸೋರುವುದರಿಂದ ಅಷ್ಟು ಏರುವುದಿಲ್ಲ, ಆದರೂ ಬೆಳಗಿನ ಜಾವಕ್ಕೆ 2000 ದಾಟೋದು ಅಪರೂಪವಲ್ಲ. ಆ ಮಟ್ಟದಲ್ಲಿ ಅದು ವಿಷವೇನಲ್ಲ. ಕೋಣೆಯ ಗಾಳಿ ರಾತ್ರಿಯಿಡೀ ಬದಲಾಗಿಲ್ಲ ಅನ್ನೋದರ ಗುರುತು ಅದು. ಎದ್ದಾಗ ತಲೆ ಭಾರ, ನಿದ್ದೆ ಸಾಲದು ಅನ್ನುವವರು ಮೊದಲು ಇದನ್ನು ನೋಡಿ.

ಎಸಿ ಹೊರಗಿನ ಗಾಳಿ ತರುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಮನೆಗಳಲ್ಲಿರುವ ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ತಣ್ಣಗೆ ಮಾಡಿ ಮತ್ತೆ ಅಲ್ಲೇ ಬಿಡುತ್ತದೆ. ಹೊರಗಿನ ಡಬ್ಬಕ್ಕೂ ಒಳಗಿನದಕ್ಕೂ ನಡುವೆ ಓಡಾಡೋದು ತಂಪು ಮಾಡುವ ಗ್ಯಾಸ್ ಮಾತ್ರ. ನಮ್ಮೂರು ಸಮುದ್ರ ಮಟ್ಟಕ್ಕಿಂತ 900 ಮೀಟರ್‌ಗೂ ಮೇಲಿದೆ. ಏಪ್ರಿಲ್, ಮೇ ಬಿಟ್ಟರೆ ರಾತ್ರಿ ಎಸಿ ಯಾಕೆ ಬೇಕು ಅನ್ನೋದೇ ನನಗೆ ಅರ್ಥವಾಗದ ಸಂಗತಿ. ಹಾಕಲೇಬೇಕು ಅನ್ನುವವರು ಬಾಗಿಲನ್ನು ನಾಲ್ಕು ಬೆರಳು ತೆರೆದಿಡಿ, ಆಚೆ ಹಾಲ್‌ನ ಒಂದು ಕಿಟಕಿ ತೆಗೆದಿರಲಿ.

ಕಿಟಕಿ ಯಾವಾಗ ತೆಗೆಯಬೇಕು ಅನ್ನೋದು ಋತುವಿನ ಪ್ರಶ್ನೆ. ಡಿಸೆಂಬರ್, ಜನವರಿಯ ಮುಂಜಾನೆ ಗಾಳಿ ತಣ್ಣಗಿರುತ್ತದೆ, ಶುದ್ಧ ಅನಿಸುತ್ತದೆ. ಆ ಹೊತ್ತಿಗೆ ತಣ್ಣನೆ ಗಾಳಿ ನೆಲದ ಹತ್ತಿರ ಕೂತಿರುತ್ತದೆ, ಮೇಲಕ್ಕೆ ಏಳುವುದಿಲ್ಲ. ವಾಹನದ ಹೊಗೆ, ಮೂಲೆಯಲ್ಲಿ ಯಾರೋ ಎಲೆಗೆ ಕಡ್ಡಿ ಗೀರಿದ ಹೊಗೆ ಎಲ್ಲವೂ ಅದರೊಳಗೇ. ಬಿಸಿಲೇರಿದ ಮೇಲೆ ಅದು ಮೇಲೆದ್ದು ಚದುರುತ್ತದೆ. ಚಳಿಗಾಲದಲ್ಲಿ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಎಲ್ಲ ಕಿಟಕಿ ತೆಗೆಯಿರಿ. ರಸ್ತೆ ಕಡೆಯ ಕಿಟಕಿಯನ್ನು ಟ್ರಾಫಿಕ್ ಹೊತ್ತಿನಲ್ಲಿ ಮುಚ್ಚಿ.

ಮಳೆಗಾಲದ್ದು ಬೂಷ್ಟಿನ ಕಾಟ. ಬೀರು ಸರಿಸಿದರೆ ಹಿಂದೆ ಕಪ್ಪು ಚುಕ್ಕೆ, ರೇಷ್ಮೆ ಸೀರೆಗೆ ಮುಗ್ಗಲು ವಾಸನೆ. ಬೀರುವನ್ನು ಹೊರಗೋಡೆಗೆ ಒತ್ತಿ ಇಡಬೇಡಿ, ಎರಡು ಇಂಚು ಜಾಗ ಬಿಡಿ. ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕದೆ ಮೇಲೆ ಬಣ್ಣ ಹೊಡೆಸಿದರೆ ಮುಂದಿನ ಮಳೆಗೆ ಅದೇ ಚುಕ್ಕೆ ಅದೇ ಜಾಗದಲ್ಲಿ. ತೇವ ಜಾಸ್ತಿ ಇದ್ದರೆ ಹಾಸಿಗೆಯಲ್ಲಿ ಡಸ್ಟ್ ಮೈಟ್ ಅನ್ನುವ ಕಣ್ಣಿಗೆ ಕಾಣದ ಹುಳುಗಳೂ ಹೆಚ್ಚುತ್ತವೆ. ಬೆಳಗ್ಗೆ ಎದ್ದ ತಕ್ಷಣ ಸಾಲಾಗಿ ಸೀನು ಬರುವವರು ದಿಂಬಿನ ಕವರ್, ಬೆಡ್‌ಶೀಟ್‌ಗಳನ್ನು 60 ಡಿಗ್ರಿ ಬಿಸಿನೀರಿನಲ್ಲಿ ಒಗೆದು ನೋಡಿ. ಕಸ ಗುಡಿಸುವಾಗ ಫ್ಯಾನ್ ಆರಿಸಿ. ಒಣ ಪೊರಕೆಗಿಂತ ಒದ್ದೆ ಬಟ್ಟೆ ಮೇಲು.

ಹೊಸ ಮನೆಯವರಿಗೆ ಒಂದು ಮಾತು. ಪ್ಲೈವುಡ್, ಎಂಡಿಎಫ್ ಹಲಗೆಗಳ ಅಂಟಿನಿಂದ ಫಾರ್ಮಾಲ್ಡಿಹೈಡ್ ತಿಂಗಳುಗಟ್ಟಲೆ ಹೊರಬರುತ್ತಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಇದನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಹಲಗೆ ಕೊಳ್ಳುವಾಗ ಇದನ್ನು ಕಡಿಮೆ ಬಿಡುವ ಇ0 ಅಥವಾ ಇ1 ದರ್ಜೆ ಕೇಳಿ. ಕತ್ತರಿಸಿದ ಅಂಚುಗಳನ್ನು ಮುಚ್ಚಿಸಿ. ನಮ್ಮಲ್ಲಿ ಮುಹೂರ್ತ ಹತ್ತಿರ ಬಂತು ಅಂತ ಮಂಗಳವಾರ ವಾರ್ನಿಷ್, ಬುಧವಾರ ಹೋಮ. ಬಂದವರಿಗೆಲ್ಲ ಕಣ್ಣುರಿ, ಅದನ್ನು ಹೋಮದ ಹೊಗೆ ಅಂದುಕೊಳ್ಳುತ್ತಾರೆ. ಸಾಧ್ಯವಾದರೆ ಒಂದೆರಡು ತಿಂಗಳು ಕಪಾಟು, ಕಿಟಕಿ ತೆರೆದಿಟ್ಟು ಆಮೇಲೆ ಹೋಗಿ ಇರಿ. ಹಳೇ ಮನೆ ರಿಪೇರಿ ಮಾಡಿಸುವವರು ಬಾಗಿಲಿನ ಹಳೇ ಬಣ್ಣವನ್ನು ಒಣಗಿದ್ದಾಗ ಉಜ್ಜಿಸಬೇಡಿ. ಆ ಪುಡಿಯಲ್ಲಿ ಸೀಸ ಇರಬಹುದು, ಅದು ವಿಷ. ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು ಅನ್ನುವ ನಿಯಮ ಜಾರಿಗೆ ಬಂದಿದ್ದೇ 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯದರಲ್ಲಿ ಎಷ್ಟಿದೆಯೋ.

ಇನ್ನು ನಿಮ್ಮ ಪ್ರಶ್ನೆಗಳು.

ಮುಂದಿನ ಸಾಲಿನ ಅಮ್ಮ ಒಬ್ಬರು ಕೇಳಿದರು: "ಮಗಳು ಸ್ನೇಕ್ ಪ್ಲಾಂಟು, ಮನಿ ಪ್ಲಾಂಟು ತಂದಿಟ್ಟಿದ್ದಾಳೆ, ಗಾಳಿ ಶುದ್ಧ ಮಾಡುತ್ತಂತೆ, ಹೌದಾ?"

ಗಿಡ ಇರಲಿ ಅಮ್ಮಾ, ಕಣ್ಣಿಗೆ ತಂಪು. ಆ ನಂಬಿಕೆ ಹುಟ್ಟಿದ್ದು 1989ರ ನಾಸಾ ಪ್ರಯೋಗದಿಂದ. ಅದನ್ನು ಮಾಡಿದ್ದು ಪೂರ್ತಿ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. 2019ರಲ್ಲಿ ಇಬ್ಬರು ಸಂಶೋಧಕರು ಇಂಥ ಪ್ರಯೋಗಗಳನ್ನೆಲ್ಲ ಒಟ್ಟು ಮಾಡಿ ಲೆಕ್ಕ ಹಾಕಿದರು. ಮಾಮೂಲಿ ಗಾಳಿ ಓಡಾಟ ಮಾಡುವಷ್ಟು ಕೆಲಸ ಗಿಡಗಳು ಮಾಡಬೇಕಾದರೆ ನೆಲದ ಒಂದು ಚದರ ಮೀಟರ್‌ಗೆ 10ರಿಂದ 1000 ಗಿಡ ಬೇಕು. ಹತ್ತು ಹನ್ನೆರಡರ ಕೋಣೆಗೆ ಕಡಿಮೆ ಅಂದರೂ 110 ಕುಂಡ. ನೀವು ಮಲಗೋದು ಎಲ್ಲಿ?

ಏರ್ ಪ್ಯೂರಿಫೈಯರ್ ತಗೊಳ್ಳಬೇಕಾ ಅಂತ ಇನ್ನೊಬ್ಬರು. ಅವರ ಮನೆ ಹೊರವರ್ತುಲ ರಸ್ತೆಗೆ ಅಂಟಿಕೊಂಡಿದೆ, ಮಗನಿಗೆ ವೀಸಿಂಗ್.

ನಿಮ್ಮ ಮನೆಗೆ ಬೇಕು ಸಾರ್, ಎಲ್ಲರಿಗೂ ಬೇಡ. ಹೆಪಾ ಫಿಲ್ಟರ್ ಇರುವುದನ್ನೇ ನೋಡಿ, ಅದು 0.3 ಮೈಕ್ರಾನ್ ಕಣಗಳಲ್ಲಿ ಶೇ. 99.97 ಹಿಡಿಯುತ್ತದೆ. ಡಬ್ಬದ ಮೇಲೆ ಸಿಎಡಿಆರ್ ಅಂತ ಒಂದು ಅಂಕಿ ಇರುತ್ತದೆ, ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತದೆ ಅಂತ. ಆಗ ಹೇಳಿದ 34 ಘನ ಮೀಟರ್ ಕೋಣೆಯ ಗಾಳಿ ಗಂಟೆಗೆ ಐದು ಸಲ ಸೋಸಬೇಕಾದರೆ 170 ಬೇಕು. ಯಂತ್ರದ ಬೆಲೆಗಿಂತ ಮೊದಲು ಫಿಲ್ಟರಿನ ಬೆಲೆ ಕೇಳಿ, ಅದು ವರ್ಷ ವರ್ಷದ ಖರ್ಚು. ಓಜೋನ್ ಬಿಡುವ ಯಂತ್ರ ಮಾತ್ರ ಬೇಡ, ಓಜೋನ್ ಉಸಿರಾಡಿದರೆ ವೀಸಿಂಗ್ ಜಾಸ್ತಿ ಆಗುತ್ತದೆ. ಕಾರ್ಬನ್ ಡೈಆಕ್ಸೈಡ್ ತೆಗೆಯೋದು ಯಾವ ಪ್ಯೂರಿಫೈಯರ್‌ಗೂ ಆಗಲ್ಲ. ಹಿಂದಿನ ಕಿಟಕಿ ದಿನಕ್ಕೆ ಒಂದೆರಡು ಸಲ ತೆಗೆಯಲೇಬೇಕು.

ಪಾರಿವಾಳದ ಬಗ್ಗೆ ಮೂರ್ನಾಲ್ಕು ಜನ ಒಟ್ಟಿಗೆ ಕೇಳಿದರು, ನಿರೀಕ್ಷೆ ಇತ್ತು. ಎಸಿ ಡಬ್ಬದ ಹಿಂದೆ, ಯುಟಿಲಿಟಿಯ ಅಂಚಿನಲ್ಲಿ ಒಣಗಿದ ಹಿಕ್ಕೆ, ಪುಕ್ಕದ ಪುಡಿ ಗಾಳಿಯ ಜೊತೆ ಒಳಗೆ ಬರುತ್ತದೆ. ಕೆಲವರಿಗೆ ಅದರಿಂದ ಶ್ವಾಸಕೋಶವೇ ಊದಿಕೊಂಡು ಗಟ್ಟಿಯಾಗುವ ಕಾಯಿಲೆ ಬರುತ್ತದೆ. ಕಾಳು ಹಾಕೋದು ನಿಲ್ಲಿಸಿ, ಬಲೆ ಕಟ್ಟಿಸಿ. ಹಿಕ್ಕೆಯನ್ನು ಒಣಗಿದ್ದಾಗ ಗುಡಿಸಬೇಡಿ. ನೀರು ಹೊಯ್ದು ನೆನೆಸಿ, ಎನ್95 ಮಾಸ್ಕ್ ಹಾಕಿಕೊಂಡು ತೆಗೆಯಿರಿ.

ಕೊನೆಯದು ಹಿಂದೆ ನಿಂತಿದ್ದ ಹುಡುಗನ ಪ್ರಶ್ನೆ: "ನಾವು ಪೀಜಿಯಲ್ಲಿದ್ದೀವಿ ಸಾರ್, ಬಾತ್‌ರೂಮ್ ಒಳಗೇ ಗ್ಯಾಸ್ ಗೀಸರ್ ಇದೆ, ಪರವಾಗಿಲ್ವಾ?"

ಪರವಾಗಿಲ್ಲ ಅನ್ನೋ ಹಾಗೇ ಇಲ್ಲ, ಬಹಳ ಅಪಾಯ. ನಾನು ಇಷ್ಟು ಹೊತ್ತು ಹೇಳಿದ್ದೆಲ್ಲ ವರ್ಷಗಟ್ಟಲೆ ಕಾಡುವಂಥದ್ದು, ಇದು ನಿಮಿಷಗಳಲ್ಲಿ ಜೀವ ತೆಗೆಯುತ್ತದೆ. ಬೆಂಗಳೂರಿನಲ್ಲಿ ಹೀಗೆ ಸತ್ತವರ ಸುದ್ದಿ ಪೇಪರಿನಲ್ಲಿ ಮತ್ತೆ ಮತ್ತೆ ಬರುತ್ತದೆ. ಸಣ್ಣ ಬಚ್ಚಲು, ಬಾಗಿಲು ಹಾಕಿದೆ, ಗೀಸರ್ ಉರಿಯುತ್ತಿದೆ. ಆಕ್ಸಿಜನ್ ಕಡಿಮೆಯಾದ ಹಾಗೆ ಗ್ಯಾಸ್ ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಕ್ಸಿಜನ್‌ಗಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ತಲೆಸುತ್ತು, ಕಾಲಲ್ಲಿ ಶಕ್ತಿ ಇಲ್ಲ. ಚಿಲಕ ತೆಗೆಯಬೇಕು ಅನ್ನುವಷ್ಟರಲ್ಲಿ ಬಿದ್ದಿರುತ್ತಾರೆ.

ಗೀಸರನ್ನು ಹೊರಗೆ, ಬಯಲು ಗಾಳಿ ಆಡುವ ಕಡೆ ಹಾಕಿಸಿ ಅಂತ ಓನರ್‌ಗೆ ಹೇಳು. ಅಲ್ಲಿಯವರೆಗೆ ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸು, ಗೀಸರ್ ಆರಿಸು, ಒಂದಿಷ್ಟು ಹೊತ್ತು ಬಿಟ್ಟು ಆಮೇಲೆ ಸ್ನಾನಕ್ಕೆ ಹೋಗು. ಚಳಿ ಅಂತ ವೆಂಟಿಲೇಟರ್‌ಗೆ ರಟ್ಟು ತುರುಕಬೇಡಿ. ಒಳಗಿರುವವರು ಕರೆದರೆ ಓ ಅನ್ನಲಿಲ್ಲ ಅಂದರೆ ಕಾಯಬೇಡಿ, ಬಾಗಿಲು ಒಡೆಯಿರಿ. ಗ್ಯಾಸ್ ಬಂದ್ ಮಾಡಿ, ಅವರನ್ನು ಬಯಲಿಗೆ ತನ್ನಿ, 108ಕ್ಕೆ ಫೋನ್ ಮಾಡಿ.

ಅಲಾರಂ ಸಿಗುತ್ತದೆ, ಹಾಕಿಸಬಹುದು. ಆದರೆ ಗ್ಯಾಸ್ ಸೋರಿಕೆಯ ಅಲಾರಂ ಬೇರೆ, ಕಾರ್ಬನ್ ಮಾನಾಕ್ಸೈಡ್ ಅಲಾರಂ ಬೇರೆ. ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ಅದರ ಅಲಾರಂ ನೆಲದ ಹತ್ತಿರ ಇರಬೇಕು. ಪೈಪ್‌ನಲ್ಲಿ ಬರುವ ಗ್ಯಾಸ್ ಹಗುರ, ಅದಕ್ಕೆ ಸೀಲಿಂಗ್ ಹತ್ತಿರ. ಈ ಎರಡೂ ಗೀಸರಿನ ವಿಷಗಾಳಿಯನ್ನು ಹಿಡಿಯುವುದಿಲ್ಲ. ಅಂಗಡಿಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಂತ ಹೆಸರು ಹಿಡಿದೇ ಕೇಳಿ.